ಕೈಯಾಡಿಸಿದ್ದು ಯಾರು?

ನಮ್ಮ ಆಸ್ಪತ್ರೆಯಲ್ಲಿ ಅವರನ್ನು ಎದುರಿಗೆ ಮೇಡಂ ಅನ್ನುತ್ತಿದ್ದೆವು, ಬೆನ್ನ ಹಿಂದೆ ಇನ್ಸ್‌ಪೆಕ್ಟರಮ್ಮ. ಆ ಹೆಸರು ಇಟ್ಟವರು ಯಾರೆಂದು ಅವರು ಎರಡು ವರ್ಷ ತನಿಖೆ ಮಾಡಿದರು, ಸಿಗಲಿಲ್ಲ. ಈಗ ಹೇಳಿದರೆ ತೊಂದರೆಯಿಲ್ಲ. ಇಟ್ಟವನು ನಾನೇ.

ಎರಡನೇ ಮಹಡಿಯಲ್ಲಿ, ಒಗೆದ ಚಾದರಗಳನ್ನು ಮಡಿಸಿಡುವ ಕೋಣೆಯ ಪಕ್ಕದಲ್ಲಿ ನಮ್ಮ ಕಂಪ್ಯೂಟರ್ ಕೋಣೆ. ಅಲ್ಲಿ ನಾವು ಮೂರು ಜನ. ನಾನು ಪ್ರಿಂಟರ್ ರಿಪೇರಿಯವನು. ಇನ್ನೊಬ್ಬ ನೆಟ್‌ವರ್ಕ್ ನೋಡಿಕೊಳ್ಳುವ ವೈರಣ್ಣ. ಎಲ್ಲಿ ಹೋದರೂ ಕೊರಳಲ್ಲಿ ಒಂದು ಸುತ್ತು ನೀಲಿ ವೈರು ಹಾಕಿಕೊಂಡೇ ಓಡಾಡುವ ಮನುಷ್ಯ. ಮೂರನೆಯವರು ಇನ್ಸ್‌ಪೆಕ್ಟರಮ್ಮ. ಅವರ ಕೆಲಸ ಡೇಟಾಬೇಸ್ ಕಾಯುವುದು. ಆಸ್ಪತ್ರೆಗೆ ಬಂದುಹೋದ ಮೂವತ್ತೆಂಟು ಲಕ್ಷ ಜನರ ಹೆಸರು, ವಯಸ್ಸು, ರೋಗ, ಔಷಧಿ ಎಲ್ಲಾ ಮೂಲೆಯ ಕಪ್ಪು ಪೆಟ್ಟಿಗೆಯಲ್ಲಿದೆ. ಕೆಳಗೆ ಕೌಂಟರಿನಲ್ಲಿ ಯಾರಾದರೂ ಒಂದು ಹೆಸರು ಬಡಿದರೆ ಪೆಟ್ಟಿಗೆ ತಕ್ಷಣ ಅವರ ಫೈಲು ತೋರಿಸಬೇಕು. ತೋರಿಸದಿದ್ದರೆ ಮೊದಲು ಬೈಗುಳ ತಿನ್ನುವವರು ಇವರು.

ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಇಪ್ಪತ್ತನಾಲ್ಕನೇ ವಯಸ್ಸಿಗೆ ರೆಕಾರ್ಡ್ ರೂಮಿಗೆ ಫೈಲು ಹೊರಲು ಸೇರಿದರು. ಹತ್ತು ವರ್ಷ ಏಣಿ ಹತ್ತಿ ಇಳಿದರು. ಕಂಪ್ಯೂಟರ್ ಬಂದಾಗ ಮಿಕ್ಕವರೆಲ್ಲ ಅದನ್ನು ಕಂಡು ಹಾವು ಕಂಡಂತೆ ಸರಿದು ನಿಂತರೆ, ಇವರೊಬ್ಬರು ಹತ್ತಿರ ಹೋಗಿ, "ಇದರೊಳಗೆ ಫೈಲುಗಳು ಯಾವ ಕ್ರಮದಲ್ಲಿ ಕೂತಿರುತ್ತೆ?" ಎಂದು ಕೇಳಿದರಂತೆ. ಕಲಿಸಲು ಬಂದವರಿಗೆ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ತಾವೇ ಪುಸ್ತಕ ತಂದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಒಂದೊಂದು ಪುಟಕ್ಕೆ ಒಂದೊಂದು ವಾರ ತೆಗೆದುಕೊಂಡು ಕಲಿತರು. ಈ ಕಥೆ ನಡೆಯುವ ಹೊತ್ತಿಗೆ ಅವರಿಗೆ ಐವತ್ತೆರಡು, ಕೂದಲು ಅರ್ಧ ಬೆಳ್ಳಗೆ, ಮತ್ತು ಆ ಪೆಟ್ಟಿಗೆಯ ವಿಷಯದಲ್ಲಿ ಅವರು ಹೇಳಿದ್ದೇ ವೇದ.

ಏನೇ ಕೆಟ್ಟರೂ ಅವರು ಮೂರು ಪ್ರಶ್ನೆ ಕೇಳುತ್ತಿದ್ದರು. ಎಲ್ಲಾ ಕೆಟ್ಟಿದೆಯೋ ಒಂದೇ ಕೆಟ್ಟಿದೆಯೋ? ಯಾವಾಗಿಂದ? ಕೈಯಾಡಿಸಿದ್ದು ಯಾರು? ಮೊದಲ ಎರಡನ್ನು ಮೆಲ್ಲಗೆ ಕೇಳುವರು. ಮೂರನೆಯದಕ್ಕೆ ಕನ್ನಡಕ ಮೂಗಿನ ತುದಿಗೆ ಇಳಿಯುತ್ತಿತ್ತು. "ಯಾರೂ ಕೈಯಾಡಿಸದೆ ಯಾವುದೂ ಕೆಡಲ್ಲ" ಎನ್ನುವುದು ಅವರ ಸಿದ್ಧಾಂತ. ಮನೆಯಲ್ಲೂ ಅದೇ. ಅವರ ಯಜಮಾನರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ನಾನೂರು ಮಕ್ಕಳನ್ನು ಒಂದು ಸೀಟಿಯಲ್ಲಿ ನಿಲ್ಲಿಸುವವರು. ಮನೆಗೆ ಬಂದರೆ ಗೋಡೆ ಗಡಿಯಾರ ಐದು ನಿಮಿಷ ಹಿಂದೆ ಬಿದ್ದದ್ದಕ್ಕೂ ತಾವು ಕಾರಣ ಅಲ್ಲವೆಂದು ಸಾಬೀತು ಮಾಡಬೇಕು. ಮಗಳು ವಕೀಲಿಕೆ ಓದುತ್ತಿದ್ದಳು. "ಪಾಟೀ ಸವಾಲು ಕಲಿಯೋಕೆ ಇವಳಿಗೆ ಕಾಲೇಜು ಯಾಕೆ, ಮನೇಲಿ ಕೂತಿದ್ರೆ ಸಾಲದಾ?" ಎಂದು ಅತ್ತೆ ಹೇಳುತ್ತಿದ್ದರಂತೆ. ಎಂಬತ್ತು ದಾಟಿದ ಆ ಅತ್ತೆಗೆ ಮಾತ್ರ ಮೂರನೇ ಪ್ರಶ್ನೆಯಿಂದ ವಿನಾಯಿತಿ ಇತ್ತು.

ಇದು ನಡೆದದ್ದು ಒಂದು ಮಂಗಳವಾರ.

ಬೆಳಗ್ಗೆ ಎಂಟೂವರೆಗೆ ನಾನು ಕೆಳಗೆ ಮೂರನೇ ಕೌಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುತ್ತಿದ್ದೆ. ಆ ಕೌಂಟರಿನವರು ನಮ್ಮ ಟೈಪಮ್ಮ. ಹಳೇ ಟೈಪ್‌ರೈಟರ್ ಕಾಲದವರು, ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ. ಕೀಲಿಮಣೆಯ ಮೇಲೆ ಅವರ ಬೆರಳು ಓಡುವ ಸದ್ದು ಎದುರಿನ ಔಷಧಿ ಕಿಟಕಿಯವರೆಗೂ ಕೇಳುತ್ತದೆ. ಸಾಲಿನಲ್ಲಿ ಮೊದಲಿಗೆ ನಿಂತಿದ್ದವನ ಕಾಲಿನ ಹೆಬ್ಬೆರಳಿಗೆ ಬ್ಯಾಂಡೇಜು. ಅವನು ಹೆಸರು ಹೇಳಿದ, ಇವರು ಬಡಿದರು, ಪರದೆಯ ಮೇಲೆ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ನಾನು ಕಾಗದ ಎಳೆದು, ಕೈ ಒರೆಸಿಕೊಂಡು, ಮುಚ್ಚಳ ಹಾಕಿದೆ. ಇನ್ನೂ ತಿರುಗುತ್ತಿತ್ತು.

"ನನ್ನ ಹೆಸರು ಅಷ್ಟೇನು ಉದ್ದ ಇಲ್ಲಮ್ಮ" ಎಂದ ಬ್ಯಾಂಡೇಜಿನವನು.

ಒಂದು ನಿಮಿಷ ನಲವತ್ತು ಸೆಕೆಂಡಿಗೆ ಫೈಲು ಬಂತು. ಎರಡನೆಯವರಿಗೂ ಅಷ್ಟೇ. ಪಕ್ಕದ ಕೌಂಟರುಗಳಲ್ಲೂ ಅದೇ ಚಕ್ರ. ನಿನ್ನೆ ಸಂಜೆಯವರೆಗೆ ಬೆರಳು ಎತ್ತುವುದರೊಳಗೆ ಬರುತ್ತಿದ್ದ ಉತ್ತರ ಅದು. ಒಂಬತ್ತೂವರೆ ಹೊತ್ತಿಗೆ ಸಾಲು ಹನುಮಂತನ ಬಾಲದ ಹಾಗೆ ಬೆಳೆದು, ಬಾಗಿಲು ದಾಟಿ, ಸೈಕಲ್ ನಿಲ್ಲಿಸುವ ಜಾಗ ದಾಟಿ, ಗೇಟಿನವರೆಗೆ ಹೋಯಿತು.

ಮೇಲೆ ಬಂದರೆ ದೊಡ್ಡ ಡಾಕ್ಟರು ಆಗಲೇ ನಮ್ಮ ಕೋಣೆಯಲ್ಲಿದ್ದರು. ಆಸ್ಪತ್ರೆಗೆಲ್ಲ ಹಿರಿಯರು, ಕತ್ತರಿ ಹಿಡಿದರೆ ಕೈ ನಡುಗದವರು. ಕಂಪ್ಯೂಟರ್ ಕೆಟ್ಟಿತೆಂದರೆ ಮಾತ್ರ ಕೈಕಾಲು ಬಿಡುತ್ತಿದ್ದರು.

"ಹೊಸ ಮೆಷಿನ್ ತರಿಸಿಬಿಡೋಣ ಮೇಡಂ. ದೊಡ್ಡದು. ಇವತ್ತೇ ಬರೀತೀನಿ."

"ನೆಗಡಿ ಬಂತು ಅಂತ ಮೂಗು ಕೊಯ್ಯೋದಾ ಸಾರ್? ನಿನ್ನೆ ಸಂಜೆವರೆಗೂ ಇದೇ ಮೆಷಿನ್ ಓಡ್ತಿತ್ತು. ಒಂದೇ ರಾತ್ರಿಗೆ ಅದಕ್ಕೆ ಮುಪ್ಪು ಬಂತಾ?"

"ಹಂಗಾದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಬೇಡ ಸಾರ್. ಏನಾಗಿದೆ ಅಂತ ಗೊತ್ತಾಗೋ ಮುಂಚೆ ಆಫ್ ಮಾಡಿದ್ರೆ ಇರೋ ಸುಳಿವೂ ಅಳಿಸಿಹೋಗುತ್ತೆ."

ದೊಡ್ಡ ಡಾಕ್ಟರು ಕಿಟಕಿಯಿಂದ ಸಾಲು ನೋಡಿದರು. "ಮಾಡಿ" ಎಂದರು. ಮಾಡಿದೆವು. ಹನ್ನೆರಡು ನಿಮಿಷ ಇಡೀ ಆಸ್ಪತ್ರೆಯಲ್ಲಿ ಯಾರ ಹೆಸರೂ ಯಾರಿಗೂ ಸಿಗಲಿಲ್ಲ. ಆಮೇಲೆ ಮತ್ತೆ ಅದೇ ಒಂದು ನಿಮಿಷ ನಲವತ್ತು ಸೆಕೆಂಡು. ದೊಡ್ಡ ಡಾಕ್ಟರು ತಮಗೆ ಆಪರೇಷನ್ ಇದೆ ಎಂದು ಹೊರಟರು. ಅವತ್ತು ಅವರಿಗೆ ಆಪರೇಷನ್ ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ಬಾಗಿಲು ಹಾಕಿ, ನೋಟ್‌ಬುಕ್ ತೆಗೆದು, ತನಿಖೆಗೆ ಕೂತರು.

"ಎಲ್ಲಾ ನಿಧಾನವೋ, ಒಂದೇ ನಿಧಾನವೋ?"

ನಾನು ಮೇಲೆ ಕೆಳಗೆ ಓಡಿ ನೋಡಿಕೊಂಡು ಬಂದೆ. ರಕ್ತಪರೀಕ್ಷೆಯ ಕೋಣೆಯಲ್ಲಿ ಎಲ್ಲಾ ಚುರುಕು. ಔಷಧಿ ಕಿಟಕಿಯಲ್ಲೂ ಚುರುಕು. ಫೈಲಿನ ನಂಬರ್ ಹಾಕಿ ಹುಡುಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತೆ. ಹೆಸರು ಹಾಕಿ ಹುಡುಕಿದರೆ ಮಾತ್ರ ಚಕ್ರ. ಆದರೆ ನಂಬರು ನೆನಪಿಟ್ಟುಕೊಂಡು ಆಸ್ಪತ್ರೆಗೆ ಬರುವವರು ನೂರಕ್ಕೆ ಇಬ್ಬರು.

"ಅಂದ್ರೆ ಮೆಷಿನ್ ಸರಿ ಇದೆ, ವೈರೂ ಸರಿ ಇದೆ" ಎಂದು ಬರೆದುಕೊಂಡರು. "ಆದ್ರೂ ಕೇಳಬೇಕು. ಕೈಯಾಡಿಸಿದ್ದು ಯಾರು?"

ಕನ್ನಡಕ ಇಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಹೊತ್ತು ನಮ್ಮ ಕೋಣೆಯಲ್ಲಿ ಎಲ್ಲರ ಕೈಯೂ ಹೆಗಲ ಮೇಲೆಯೇ ಇತ್ತು. ಮೊದಲು ಸೋತವನು ವೈರಣ್ಣ.

"ಮೇಡಂ, ನಾನು... ಗೇಟಿನ ಕಾವಲುಗಾರರ ಟೀವಿಗೆ ನಮ್ಮ ನೆಟ್ಟಿಂದ ಒಂದು ವೈರ್ ಎಳೆದಿದೀನಿ. ಮ್ಯಾಚ್ ನೋಡೋಕೆ ಅಂತ."

"ಯಾವಾಗ?"

"ಹೋದ ವರ್ಷ."

"ತೆಗೀರಿ. ಆದ್ರೆ ಇದು ಅದಲ್ಲ." ಅವರು ನನ್ನ ಕಡೆ ತಿರುಗಿದರು. ನಾನು ಬಾಯಿ ಬಿಡಬಾರದು ಅಂದುಕೊಂಡಿದ್ದೆ. ಬಾಯಿ ತಾನೇ ಬಿಟ್ಟಿತು.

"ಸರ್ವರಿನ ಹಿಂದೆ ಬಿಸಿಗಾಳಿ ಬರುತ್ತಲ್ಲ ಮೇಡಂ, ಅಲ್ಲಿ ನಾನು ದಿನಾ ನನ್ನ ಊಟದ ಡಬ್ಬಿ ಇಡ್ತೀನಿ. ಮಧ್ಯಾಹ್ನಕ್ಕೆ ಬೆಚ್ಚಗಿರುತ್ತೆ."

ಅವರು ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಪೆಟ್ಟಿಗೆಯ ಹಿಂದೆ ನೋಡಿದರು. ಡಬ್ಬಿ ಅಲ್ಲೇ ಇತ್ತು. ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟರು. "ಹತ್ತು ವರ್ಷದಿಂದ ಈ ಕೋಣೇಲಿ ಒಗ್ಗರಣೆ ವಾಸನೆ ಎಲ್ಲಿಂದ ಬರುತ್ತೆ ಅಂತ ಹುಡುಕ್ತಿದ್ದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಟೈಪಮ್ಮನಿಗೆ ಫೋನ್ ಹೋಯಿತು. ತಮ್ಮ ಕುರ್ಚಿ ಎತ್ತರ ಸಾಲದೆಂದು ಕಂಪ್ಯೂಟರಿನ ಹಳೇ ಕೈಪಿಡಿಗಳ ಮೇಲೆ ಕೂರುತ್ತಿರುವುದಾಗಿ ಅವರು ಒಪ್ಪಿಕೊಂಡರು. ಹೀಗೆ ಅರ್ಧ ಗಂಟೆಯೊಳಗೆ ಆಸ್ಪತ್ರೆಯ ಪಾಪಗಳೆಲ್ಲ ನೋಟ್‌ಬುಕ್ಕಿಗೆ ಬಂದವು. ಬೇಕಾದದ್ದೊಂದು ಬರಲಿಲ್ಲ.

ಆಮೇಲೆ ಅವರು ಪೆಟ್ಟಿಗೆಯನ್ನೇ ಕೇಳಿದರು. ಇದು ಆ ಕೆಲಸದ ಒಂದು ಚೆಂದ. "ಈ ಹೆಸರನ್ನು ನೀನು ಯಾವ ದಾರಿಯಲ್ಲಿ ಹುಡುಕುತ್ತೀ?" ಎಂದು ಡೇಟಾಬೇಸನ್ನು ಕೇಳಿದರೆ ಅದು ತನ್ನ ದಾರಿ ಬರೆದು ತೋರಿಸುತ್ತದೆ. ಮನುಷ್ಯರಂತೆ ಸುತ್ತಿ ಬಳಸಿ ಮಾತಾಡುವುದಿಲ್ಲ. ಪರದೆಯ ಮೇಲೆ ನಾಲ್ಕು ಸಾಲು ಬಂದವು. ಅವರು ಅದನ್ನು ನೋಡಿ ಕೆನ್ನೆಗೆ ಕೈ ಕೊಟ್ಟು ಕೂತರು.

"ಏನಂತೆ ಮೇಡಂ?"

"ದಡ್ಡ ಮುಂಡೇದು, ಮೂವತ್ತೆಂಟು ಲಕ್ಷ ಹೆಸರನ್ನೂ ಒಂದೊಂದಾಗಿ ಓದ್ತಿದೆ! ಅಕಾರಾದಿಯಾಗಿ ಪಟ್ಟಿ ಮಾಡಿ ಕೊಟ್ಟಿದೀನಿ, ಇಂಡೆಕ್ಸು. 'ಮ' ಬೇಕಾದ್ರೆ ನೇರ 'ಮ'ಗೆ ಹೋಗಲಿ ಅಂತ. ಅದನ್ನ ಬಿಟ್ಟು ಮೊದಲನೇ ಪುಟದಿಂದ ಕೊನೇ ಪುಟದವರೆಗೆ ಓದ್ತಾ ಕೂತಿದೆ."

"ಪಟ್ಟಿ ಕಳೆದುಹೋಗಿರಬೇಕು."

ಕಳೆದಿರಲಿಲ್ಲ. ಇಂಡೆಕ್ಸು ಇಟ್ಟ ಜಾಗದಲ್ಲೇ ಗಟ್ಟಿಮುಟ್ಟಾಗಿತ್ತು. ಯಾವ ಹೆಸರಿನವರು ಎಷ್ಟು ಜನ ಇದ್ದಾರೆ ಎಂಬ ಅಂದಾಜನ್ನು ಪೆಟ್ಟಿಗೆ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಅದು ಹಳತಾದರೆ ದಾರಿ ತಪ್ಪುವುದುಂಟಂತೆ. ಅದನ್ನು ಹೊಸದು ಮಾಡಿಸಿದರು. ಇಪ್ಪತ್ತೈದು ನಿಮಿಷ ಹಿಡಿಯಿತು. ಚಕ್ರ ತಿರುಗುವುದು ನಿಲ್ಲಲಿಲ್ಲ. ಗಂಟೆ ಹನ್ನೊಂದೂವರೆ ಆಯಿತು. ಕೆಳಗಿನಿಂದ ಯಾರೋ ಮೇಜು ಕುಟ್ಟುವ ಸದ್ದು ಮೇಲಿನವರೆಗೆ ಬರುತ್ತಿತ್ತು.

"ಯಾವಾಗಿಂದ?" ಎಂದು ಅವರು ತಮಗೆ ತಾವೇ ಕೇಳಿಕೊಂಡರು. "ನಿನ್ನೆ ಸಂಜೆ ಸರಿ ಇತ್ತು. ಇವತ್ತು ಬೆಳಗ್ಗೆ ಇಲ್ಲ. ನಡುವೆ ಆಗಿದ್ದು..." ಕನ್ನಡಕದ ಹಿಂದೆ ಕಣ್ಣು ಹೊಳೆಯಿತು. "ಸೋಮವಾರದ ಬದಲಾವಣೆ!"

ವಾರದಲ್ಲಿ ಮಾಡಿದ ಚಿಕ್ಕಪುಟ್ಟ ತಿದ್ದುಪಡಿಗಳನ್ನೆಲ್ಲ ಒಟ್ಟು ಮಾಡಿ ಸೋಮವಾರ ಸಂಜೆ ಒಂದೇ ಸಲ ಹಾಕುವುದು ನಮ್ಮಲ್ಲಿ ಪದ್ಧತಿ. ಹೆಚ್ಚಿನವು ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯವರದು. ನಾನು ಆ ವಾರದ ಪಟ್ಟಿ ಮುದ್ರಿಸಿ ಕೊಟ್ಟೆ. ಒಂಬತ್ತು ಸಾಲು. ಅವರು ಕಂಪನಿಗೆ ಫೋನ್ ಮಾಡಿದರು. ಮುಂದಿನ ಅರ್ಧ ಗಂಟೆ ಕಂಪನಿಯ ಆ ಮನುಷ್ಯ ಅನುಭವಿಸಿದ್ದು ಅವನಿಗೂ ದೇವರಿಗೂ ಗೊತ್ತು.

"ಒಂದನೇದು ಯಾಕೆ ಮಾಡಿದ್ರಿ? ಯಾರು ಹೇಳಿದ್ರು? ಹೇಳಿದ್ರೆ ಮಾಡಿಬಿಡೋದಾ? ಸರಿ, ಎರಡನೇದು. ಬಣ್ಣ ಬದಲಾಯಿಸಿದ್ರಾ? ನೀಲಿ ಏನು ಪಾಪ ಮಾಡಿತ್ತು? ಮೂರು..."

ಹೀಗೆ ಎಂಟರವರೆಗೆ ಒಂದೊಂದನ್ನೂ ಸುಲಿದು ಉಪ್ಪು ಸವರಿದರು. ಎಂಟರಲ್ಲಿ ಒಂದಕ್ಕೂ ಹೆಸರು ಹುಡುಕುವುದಕ್ಕೂ ಸಂಬಂಧವಿರಲಿಲ್ಲ. ಆದರೂ ಬಿಡದೆ, "ನೀವು ಏನೋ ಮುಚ್ಚಿಡ್ತಿದೀರಿ. ದೊಡ್ಡ ಡಾಕ್ಟರ ಹತ್ರ ಕಾಗದ ಬರೆಸ್ತೀನಿ" ಎಂದು ಫೋನ್ ಇಟ್ಟು, ಆಗಲೇ ದೊಡ್ಡ ಡಾಕ್ಟರಿಗೂ ಫೋನ್ ಮಾಡಿ ಹೇಳಿಬಿಟ್ಟರು.

ಪಟ್ಟಿ ನನ್ನ ಕೈಯಲ್ಲಿತ್ತು. ನಾನು ಕೇಳಿದ್ದು ಯಾವ ಕುಚೋದ್ಯದಿಂದಲೂ ಅಲ್ಲ, ಇದನ್ನು ಯಾರು ಬೇಕಾದರೂ ನಂಬಬಹುದು. "ಮೇಡಂ, ಒಂಬತ್ತನೇದು?"

"ಅದೇನಿಲ್ಲ ಬಿಡಿ. ಅದು ನಂದು."

ಹೇಳಿದರು. ಹೇಳಿ, ನೀರಿನ ಬಾಟಲಿಗೆ ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು.

ವೈರಣ್ಣ ನನ್ನ ಮುಖ ನೋಡಿದ. ನಾನು ಪಕ್ಕದ ಕೋಣೆಯ ಚಾದರಗಳ ಕಡೆ ನೋಡಿದೆ. ಅವರು ನಿಧಾನವಾಗಿ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಒಂಬತ್ತನೇ ಸಾಲು ಓದಿದರು. 'ಹೆಸರು ಹುಡುಕಾಟದಲ್ಲಿ ಸಣ್ಣ ತಿದ್ದುಪಡಿ, ಒಂದು ಸಾಲು.' ಎದುರಿಗೆ ಅವರದೇ ಸಹಿ.

"ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದರು. "ಕಂಕುಳಲ್ಲೇ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದೆನಲ್ಲ."

ಸಂಗತಿ ಹೀಗೆ. ಐದು ದಿನದ ಹಿಂದೆ ಒಬ್ಬ ಮುದಿ ಕ್ಷೌರಿಕ ಬಂದಿದ್ದ. ಅವನಿಗೆ ಎರಡು ಫೈಲು ಇದ್ದವು. ಒಂದರಲ್ಲಿ, ಇಂಥ ಇಂಜೆಕ್ಷನ್ ಇವನ ಮೈಗೆ ಆಗಿಬರುವುದಿಲ್ಲ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಇನ್ನೊಂದರಲ್ಲಿ ಆ ಸುದ್ದಿಯೇ ಇಲ್ಲ. ಅವತ್ತು ತೆರೆದದ್ದು ಆ ಇನ್ನೊಂದು ಫೈಲು. ಸೂಜಿ ಹಿಡಿದ ನರ್ಸಿಗೆ ಅವನೇ, "ಅದು ಬೇಡಮ್ಮ, ಹೋದ ಸಲ ಮೈಯೆಲ್ಲಾ ಊದಿತ್ತು" ಎಂದು ಹೇಳದಿದ್ದರೆ ಕಥೆ ಬೇರೆಯಾಗುತ್ತಿತ್ತು. ಇನ್ಸ್‌ಪೆಕ್ಟರಮ್ಮ ಎರಡೂ ಫೈಲಿನ ಮೊದಲ ಪುಟ ಮುದ್ರಿಸಿ ನನ್ನ ಹತ್ತಿರ ತಂದರು. "ನಿಮ್ಮ ಪ್ರಿಂಟರ್ ಸೊಟ್ಟ ಹೊಡೀತಿದೆ. ನೋಡಿ, ಇದರಲ್ಲಿ ಹೆಸರು ಒಂದು ಕೂದಲೆಳೆ ಬಲಕ್ಕಿದೆ." ನನ್ನ ಪ್ರಿಂಟರ್ ಸೊಟ್ಟ ಹೊಡೆಯುವುದಿಲ್ಲ ಎಂದು ನಾನು ಜಗಳಕ್ಕೆ ನಿಂತೆ. ಆ ಜಗಳದಲ್ಲಿ ಗುಟ್ಟು ಬಯಲಾಯಿತು. ಒಂದು ಫೈಲಿನಲ್ಲಿ ಹೆಸರಿನ ಮೊದಲ ಅಕ್ಷರಕ್ಕೂ ಮುಂಚೆ ಒಂದು ಖಾಲಿ ಜಾಗ ಇತ್ತು. ನಮ್ಮ ಕಣ್ಣಿಗೆ ಅದು ಏನೂ ಅಲ್ಲ. ಪೆಟ್ಟಿಗೆಗೆ ಮಾತ್ರ ಅದೂ ಒಂದು ಅಕ್ಷರ. ಹಾಗಾಗಿ ಇವನು ಬೇರೆ, ಅವನು ಬೇರೆ.

ಆಗ ಅವರು ಹುಡುಕುವ ಆಜ್ಞೆಗೆ ಒಂದು ಸಾಲು ಸೇರಿಸಿದ್ದರು. 'ಹೆಸರುಗಳನ್ನು ಹೋಲಿಸುವ ಮೊದಲು ಶುರುವಿನ ಖಾಲಿ ಜಾಗ ಕತ್ತರಿಸಿಕೋ.' ಒಳ್ಳೆಯ ಮನಸ್ಸಿನಿಂದ ಬರೆದ ಸಾಲು. ಆದರೆ ಪಟ್ಟಿ ಇದ್ದದ್ದು ಕತ್ತರಿಸದ ಹೆಸರುಗಳದು. ಕತ್ತರಿಸಿದ ಮೇಲೆ ಯಾವ ಹೆಸರು ಹೇಗಿರುತ್ತದೆಂದು ತಿಳಿಯಲು ಪೆಟ್ಟಿಗೆ ಪ್ರತಿ ಸಲವೂ ಮೂವತ್ತೆಂಟು ಲಕ್ಷ ಹೆಸರನ್ನೂ ಕೈಗೆತ್ತಿಕೊಂಡು ಕತ್ತರಿಸಿ ನೋಡಲೇಬೇಕು. ಪಾಪ, ಅದು ದಡ್ಡತನ ಮಾಡಿರಲಿಲ್ಲ, ಹೇಳಿದ್ದನ್ನು ಮಾಡುತ್ತಿತ್ತು.

"ಪರೀಕ್ಷೆ ಮಾಡಿ ನೋಡಿದ್ದೆ" ಎಂದರು. ಧ್ವನಿ ಸಣ್ಣಗಾಗಿತ್ತು. "ಪ್ರಯೋಗಕ್ಕೆ ಅಂತ ಒಂದು ಚಿಕ್ಕ ನಕಲು ಇದೆಯಲ್ಲ, ಅದರಲ್ಲಿ. ಅದರಲ್ಲಿರೋದು ಆರು ಸಾವಿರ ಹೆಸರು. ಚಿಟಿಕೆ ಹೊಡೆಯೋದ್ರೊಳಗೆ ಬಂತು. ಖುಷಿಯಾಗಿ ಸಹಿ ಹಾಕಿ ಮರೆತೇಬಿಟ್ಟೆ."

ಆ ಒಂದು ಸಾಲು ಕಿತ್ತರು. ನಾನು ಕೆಳಗೆ ಫೋನ್ ಮಾಡಿದೆ. ಟೈಪಮ್ಮ ಹೆಸರು ಬಡಿದರು. "ಬಂತು! ಬಂತು!" ಎಂದು ಕೂಗಿದ್ದು ಫೋನೇ ಬೇಡ ಅನ್ನುವಂತೆ ಮೆಟ್ಟಿಲ ಮೂಲಕವೇ ಕೇಳಿಸಿತು. ಗಂಟೆ ಹನ್ನೆರಡು ನಲವತ್ತು. ಸಾಲು ಕರಗಲು ಮೂರು ಗಂಟೆಯಾಯಿತು.

ವೈರಣ್ಣನಿಗೆ ಒಂದು ಮಾತು ಹೇಳಲು ಬಾಯಿ ತುರಿಸುತ್ತಿತ್ತು. ಎಲ್ಲಿ ನೋಡಬೇಕೋ ತಿಳಿಯದೆ ಕೊರಳಿನ ವೈರು ಬಿಚ್ಚಿ ಮತ್ತೆ ಸುತ್ತಿಕೊಂಡ. ಕೊನೆಗೆ ಅವರೇ ಅಂದರು, "ಹೇಳಿಬಿಡಿ. ಹೊಟ್ಟೇಲಿಟ್ಕೊಂಡ್ರೆ ನೋವು ಬರುತ್ತೆ."

"ಏನಿಲ್ಲ ಮೇಡಂ," ಎಂದ ಅವನು, "ಬೇಲಿಯೇ ಎದ್ದು ಹೊಲ ಮೇಯ್ದರೆ..."

"ಗೊತ್ತಾಯ್ತು. ಸಾಕು."

ದೊಡ್ಡ ಡಾಕ್ಟರ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು, ಸಾಕ್ಷಿಗಿರಲಿ ಎಂದು. ಅಲ್ಲಿ ಕಂಪನಿಯ ಮೇಲಿನ ಕಾಗದ ಆಗಲೇ ಮುಕ್ಕಾಲು ಪಾಲು ಸಿದ್ಧವಾಗಿತ್ತು. 'ಅಕ್ಷಮ್ಯ ಬೇಜವಾಬ್ದಾರಿ' ಎಂಬ ಮಾತಿನ ಕೆಳಗೆ ಅವರು ಎರಡು ಗೆರೆ ಎಳೆದಿದ್ದರು.

"ಆ ಮಾತಿರಲಿ ಸಾರ್, ಚೆನ್ನಾಗಿದೆ. ವಿಳಾಸ ಮಾತ್ರ ಬದಲಾಯಿಸಿ" ಎಂದರು ಇನ್ಸ್‌ಪೆಕ್ಟರಮ್ಮ. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದರು.

ದೊಡ್ಡ ಡಾಕ್ಟರು ಪೆನ್ನಿನ ಟೋಪಿ ಹಾಕಿದರು, ತೆಗೆದರು. "ಹೋಗಲಿ ಬಿಡಿ. 'ತಾಂತ್ರಿಕ ಕಾರಣದಿಂದ' ಅಂತ ಬರೆದು ಮುಗಿಸೋಣ. ಯಾರಿಗೆ ಗೊತ್ತಾಗುತ್ತೆ?"

"ತಾಂತ್ರಿಕ ಕಾರಣಕ್ಕೆ ಒಂದು ಹೆಸರಿದೆ ಸಾರ್. ಇಪ್ಪತ್ತೆಂಟು ವರ್ಷ ಎಲ್ಲರ ಹೆಸರೂ ಬರೆದಿದೀನಿ. ಇವತ್ತು ನಂದು ಬಿಟ್ರೆ, ನಾಳೆ ಯಾರ ಹತ್ರ ನಿಂತು ಏನು ಕೇಳಲಿ?"

ವರದಿ ಅವರ ಹೆಸರಿನಲ್ಲೇ ಹೋಯಿತು. ಆಮೇಲೆ ಕಂಪನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಅದಕ್ಕೆ ಮುಂಚೆ ಎರಡು ಲೋಟ ನೀರು ಕುಡಿದದ್ದನ್ನು ನಾನು ಕಂಡಿದ್ದೇನೆ. ಆ ಕಡೆಯವನಿಗೆ ಎಷ್ಟು ಗಾಬರಿಯಾಯಿತೆಂದರೆ, "ಪರವಾಗಿಲ್ಲ ಮೇಡಂ, ಬೇಕಾದ್ರೆ ಬಣ್ಣ ಮತ್ತೆ ನೀಲಿನೇ ಮಾಡಿಬಿಡ್ತೀವಿ" ಎಂದನಂತೆ.

ಸಂಜೆ ಮನೆಯಲ್ಲಿ ಏನಾಯಿತೆಂದು ಮರುದಿನ ಅವರೇ ಹೇಳಿದರು. ಊಟಕ್ಕೆ ಕೂತಾಗ ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಡ್ರಿಲ್ ಮೇಷ್ಟ್ರು ತುತ್ತು ಕೆಳಗಿಟ್ಟು, ಬಹಳ ಗಂಭೀರವಾಗಿ, "ನಗಬಹುದಾ?" ಎಂದು ಕೇಳಿದರಂತೆ.

"ಎರಡು ನಿಮಿಷ. ಜಾಸ್ತಿ ಬೇಡ."

ಮೇಷ್ಟ್ರು ಕೈಗಡಿಯಾರ ನೋಡಿಕೊಂಡು ನಗಲು ಶುರು ಮಾಡಿದರು. ಮಗಳು ತಟ್ಟೆ ಬಿಟ್ಟು ಎದ್ದು ಹೋಗಿ ಅಡುಗೆಮನೆಯಲ್ಲಿ ನಕ್ಕಳು. "ಪಾಪ, ನಗಬೇಡ್ರೋ, ದುಡಿದು ಬಂದಿದಾಳೆ" ಎನ್ನುತ್ತಾ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಎರಡು ನಿಮಿಷ ಮುಗಿದ ಮೇಲೂ ನಿಲ್ಲಿಸಲಾಗದೆ ಮೇಷ್ಟ್ರು ಇನ್ನೊಂದು ನಿಮಿಷ ಸಾಲ ಕೇಳಿದರಂತೆ. "ಕೊಟ್ಟೆ" ಎಂದರು ಇನ್ಸ್‌ಪೆಕ್ಟರಮ್ಮ. "ಇಪ್ಪತ್ತಾರು ವರ್ಷದಿಂದ ಕಾದಿದ್ರು, ಪಾಪ."

ಆದರೆ ಸಾಲು ಕಿತ್ತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕ್ಷೌರಿಕನ ಎರಡು ಫೈಲು ಎರಡಾಗಿಯೇ ಉಳಿದಿದ್ದವು. ಬುಧವಾರ ಅವರು ಲೆಕ್ಕ ಹಾಕಿದರು. ಶುರುವಿನಲ್ಲಿ ಖಾಲಿ ಜಾಗ ಇರುವ ಹೆಸರುಗಳು ಒಂದು ಲಕ್ಷ ಹನ್ನೆರಡು ಸಾವಿರ. ಹೆಚ್ಚುಕಮ್ಮಿ ಎಲ್ಲವೂ ಮೂರನೇ ಕೌಂಟರಿನಿಂದ ಬಂದವು.

ನಾನು ಅವರ ಜೊತೆಯೇ ಕೆಳಗೆ ಹೋದೆ. ನನಗೆ ಆ ಮೂರನೇ ಪ್ರಶ್ನೆ ಈಗ ಹೇಗೆ ಬರುತ್ತದೋ ನೋಡಬೇಕಿತ್ತು. ಬರಲಿಲ್ಲ. ಅವರು ಟೈಪಮ್ಮನ ಪಕ್ಕದಲ್ಲಿ ಒಂದು ಸ್ಟೂಲು ಎಳೆದುಕೊಂಡು ಕೂತರು.

"ಅಕ್ಕಾ, ಒಂದು ಹೆಸರು ಟೈಪ್ ಮಾಡಿ ತೋರಿಸ್ತೀರಾ?"

ಟೈಪಮ್ಮ ಬೆರಳು ಮುರಿದು, ಬೆನ್ನು ನೆಟ್ಟಗೆ ಮಾಡಿ, ಹೆಬ್ಬೆರಳಿನಿಂದ ಉದ್ದ ಕೀಲಿಯನ್ನು ಒಮ್ಮೆ ಟಕ್ ಎನಿಸಿ, ಆಮೇಲೆ ಹೆಸರು ಬಡಿದರು.

"ಆ ಮೊದಲನೇ ಟಕ್ ಏನಕ್ಕೆ?"

"ಪ್ಯಾರಾ ಶುರುವಿಗೆ ಜಾಗ ಬಿಡಬೇಕಲ್ಲಮ್ಮ! ನಮ್ಮ ಟೈಪಿಂಗ್ ಮೇಷ್ಟ್ರು ಐದು ಸಲ ತಟ್ಟಿ ಅಂತಿದ್ರು, ಬಿಟ್ರೆ ಕೋಲು ಬೀಳ್ತಿತ್ತು. ಇಲ್ಲಿ ಪರದೇಲಿ ಹೆಸರಿನ ಖಾನೆ ಚಿಕ್ಕದು ಅಂತ ಒಂದೇ ಸಲ ತಟ್ತೀನಿ."

ಇನ್ಸ್‌ಪೆಕ್ಟರಮ್ಮ ತುಟಿ ಕಚ್ಚಿ ಹಿಡಿದುಕೊಂಡರು. "ಹುಡುಕುವಾಗಲೂ ತಟ್ತೀರಾ?"

"ತಟ್ಟದೆ? ಅದಕ್ಕೇ ನೋಡಿ, ಪಕ್ಕದ ಕೌಂಟರಿನವರ ಕೈಗೆ ಸಿಗದ ಹೆಸರೆಲ್ಲ ನನ್ನ ಕೈಗೆ ಸಿಗುತ್ತೆ. ನಾನು ರಜಾ ಹಾಕಿದ ದಿನ ಇವರು ಒದ್ದಾಡಿಹೋಗ್ತಾರೆ. ಕೈಗುಣ ಅಂತಾರೆ ಎಲ್ಲಾ."

ಆ ಕೈಗುಣದ ನಿಜ ಅವರಿಗೆ ಯಾರೂ ಕೌಂಟರಿನಲ್ಲಿ ಹೇಳಲಿಲ್ಲ. ಮಧ್ಯಾಹ್ನ ಮೇಲಿನ ಕೋಣೆಗೆ ಕರೆದು, ಬಾಗಿಲು ಹಾಕಿ, ಇನ್ಸ್‌ಪೆಕ್ಟರಮ್ಮ ಮೊದಲು ತಮ್ಮ ತಪ್ಪಿನ ಕಥೆ ಪೂರ್ತಿ ಹೇಳಿ, ಆಮೇಲೆ ಇವರದನ್ನು ಹೇಳಿದರು. ಟೈಪಮ್ಮ ಸ್ವಲ್ಪ ಹೊತ್ತು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು.

"ಆ ಕ್ಷೌರಿಕನಿಗೆ ಸೂಜಿ ಚುಚ್ಚಿಬಿಟ್ಟಿದ್ರೆ?" ಎಂದರು.

"ಚುಚ್ಚಲಿಲ್ಲ ಅಕ್ಕಾ. ಇನ್ನೆಷ್ಟು ಜನ ಹಂಗಿದಾರೋ ನೋಡೋಣ ಬನ್ನಿ."

ಪರಿಹಾರ ಈ ಸಲ ಅವಸರದಲ್ಲಿ ಆಗಲಿಲ್ಲ. ಹುಡುಕುವಾಗ ಕತ್ತರಿಸುವ ಬದಲು, ಹೆಸರು ಒಳಗೆ ಬರುವ ಬಾಗಿಲಲ್ಲೇ ಖಾಲಿ ಜಾಗ ಕತ್ತರಿಸುವಂತೆ ಮಾಡಿದರು. ಟೈಪಮ್ಮ ಎಷ್ಟು ಸಲ ತಟ್ಟಿದರೂ ಒಳಗೆ ಹೋಗದು. ಒಳಗಿದ್ದ ಒಂದು ಲಕ್ಷ ಹನ್ನೆರಡು ಸಾವಿರವನ್ನು ಐದೈದು ಸಾವಿರದಂತೆ ತೊಳೆದರು. ಎಲ್ಲವನ್ನೂ ಮೊದಲು ಪೂರ್ತಿ ಮೂವತ್ತೆಂಟು ಲಕ್ಷದ ನಕಲಿನ ಮೇಲೆ ಮಾಡಿ ನೋಡಿದರು. ಆ ನಕಲಿಗೆ ಜಾಗ ಸಾಲದೆ ವೈರಣ್ಣ ಎಲ್ಲೆಲ್ಲಿಂದಲೋ ಹಳೇ ಡಿಸ್ಕು ಹೊತ್ತು ತಂದು ಸೊಂಟ ಹಿಡಿಸಿಕೊಂಡ. ಒಂಬತ್ತನೇ ಸಾಲಿನ ಜಾಗಕ್ಕೆ ಬಂದ ಹೊಸ ಸಾಲನ್ನು ನನ್ನಿಂದ ಜೋರಾಗಿ ಓದಿಸಿ ಸಹಿ ಹಾಕಿಸಿಕೊಂಡರು. ಪ್ರಿಂಟರ್ ರಿಪೇರಿಯವನ ಸಹಿಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು.

ತೊಳೆದ ಮೇಲೆ ಲೆಕ್ಕಕ್ಕೆ ಸಿಕ್ಕಿದ್ದು, ಎರಡೆರಡು ಫೈಲಿನ ಮೂರು ಸಾವಿರದ ನಾನೂರು ಜನ. ಅವನ್ನು ಕೂಡಿಸುವುದು ಯಂತ್ರದ ಕೈಲಾಗುವ ಕೆಲಸವಲ್ಲ. ಒಂದೇ ಹೆಸರಿನ ಬೇರೆ ಬೇರೆ ಮನುಷ್ಯರಿರುತ್ತಾರೆ. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇನ್ಸ್‌ಪೆಕ್ಟರಮ್ಮ, ಟೈಪಮ್ಮ ಇಬ್ಬರೂ ಅಕ್ಕಪಕ್ಕ ಕೂತು ಒಂದೊಂದು ಜೋಡಿ ನೋಡಿ ಕೂಡಿಸಿದರು. ಐದು ತಿಂಗಳು ಹಿಡಿಯಿತು. ಅದರಲ್ಲಿ ಹನ್ನೊಂದು ಜನರ ವಿಷಯ ಕ್ಷೌರಿಕನದರ ಹಾಗೇ ಇತ್ತು, ಜೀವಕ್ಕೆ ಬೇಕಾದ ಮಾತು ಒಂದು ಫೈಲಿನಲ್ಲಿ ಮಾತ್ರ. ಆ ಹನ್ನೊಂದು ಮನೆಗೂ ಇನ್ಸ್‌ಪೆಕ್ಟರಮ್ಮ ತಾವೇ ಫೋನ್ ಮಾಡಿ, ನಡೆದದ್ದು ಹೇಳಿ, ಒಮ್ಮೆ ಬಂದು ಡಾಕ್ಟರನ್ನು ಕಂಡುಹೋಗಿ ಎಂದರು.

ಕೊನೆಯ ಫೋನಿನ ದಿನ ನಾನಲ್ಲೇ ಇದ್ದೆ. ಆ ಕಡೆಯಿಂದ ಒಬ್ಬ ಅಜ್ಜಿ. ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, "ಅಂದ್ರೆ ಇಷ್ಟು ದಿನ ನನ್ನವು ಎರಡು ಫೈಲು ಇದ್ದವಾ?" ಎಂದರು.

"ಹೌದಮ್ಮ. ನಮ್ಮದೇ ತಪ್ಪು."

"ಎರಡರಲ್ಲೂ ವಯಸ್ಸು ಒಂದೇ ಇದೆಯಾ?"

ಇನ್ಸ್‌ಪೆಕ್ಟರಮ್ಮ ಪರದೆ ನೋಡಿದರು. "ಇಲ್ಲಮ್ಮ. ಒಂದರಲ್ಲಿ ನಾಲ್ಕು ವರ್ಷ ಕಡಿಮೆ ಇದೆ."

"ಅದನ್ನೇ ಇಟ್ಕೊಳ್ಳಿ."

"ಹಂಗೆ ಬರಲ್ಲಮ್ಮ. ಬರುವಾಗ ಹುಟ್ಟಿದ ತಾರೀಖಿಗೆ ಏನಾದ್ರೂ ದಾಖಲೆ ತನ್ನಿ, ನೋಡಿ ಹಾಕ್ತೀವಿ."

ಅಜ್ಜಿ ಲೈನು ಸರಿಯಾಗಿ ಕೇಳಿಸುತ್ತಿಲ್ಲ ಎಂದು ಹೇಳಿ ಫೋನ್ ಇಟ್ಟುಬಿಟ್ಟರು. ಡಾಕ್ಟರನ್ನು ಕಾಣಲು ಮಾತ್ರ ಆ ಶುಕ್ರವಾರವೇ ಬಂದರು, ದಾಖಲೆ ಮನೆಯಲ್ಲೇ ಮರೆತು.